ವೀರಗಲ್ಲಿನ ಸ್ವರ್ಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸತ್ತ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ? ಈ ಪ್ರಶ್ನೆ ಇಟ್ಟುಕೊಂಡು ಕವಿಗಳು ಪರ್ವಗಟ್ಟಲೆ ಬರೆದಿದ್ದಾರೆ. ನಮ್ಮ ಊರುಗಳ ಕಲ್ಲುಕುಟಿಗರು ಮಾತ್ರ ಒಂದೇ ಒಂದು ಚಪ್ಪಡಿಯ ಮೇಲೆ ಉತ್ತರ ಕೆತ್ತಿ ನಿಲ್ಲಿಸಿಬಿಟ್ಟರು. ಕೆರೆ ಏರಿಯ ಮೇಲೆ, ಅರಳಿಕಟ್ಟೆಯ ಪಕ್ಕದಲ್ಲಿ, ಹಾಳು ಗುಡಿಯ ಮುಂದೆ, ಹೊಲದ ಬದುವಿನಲ್ಲಿ ನೀವೂ ಅದನ್ನು ನೋಡಿರುತ್ತೀರಿ. ಅದೇ ವೀರಗಲ್ಲು, ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಹಳೇ ಮೈಸೂರು ಕಡೆ ಸುತ್ತ ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿ ಈರಗಾರ ಗುಡಿ ಅಂತಲೂ ಕರೆಯುತ್ತಾರೆ. ಆ ಕಲ್ಲುಗಳೊಳಗಿನ ಸ್ವರ್ಗದ ಬಗ್ಗೆ ಇವತ್ತು ನಿಮ್ಮ ಜೊತೆ ಮಾತಾಡಬೇಕು.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ನಡುವಿನ ಪಟ್ಟಿಗಳಲ್ಲಿ ಶಾಸನದ ಸಾಲುಗಳು. ಕೆಳಗಿನ ಅಂಕಣದಲ್ಲಿ ಕಾಳಗ. ವೀರ ಉಳಿದವರಿಗಿಂತ ದೊಡ್ಡದಾಗಿ ಕಾಣುತ್ತಾನೆ. ಕೈಯಲ್ಲಿ ಬಿಲ್ಲೋ ಕತ್ತಿಯೋ ಇರುತ್ತದೆ. ಎದುರಿಗೆ ಶತ್ರುಗಳು. ಎಷ್ಟೋ ಕಲ್ಲುಗಳಲ್ಲಿ ಪಕ್ಕದಲ್ಲೇ ದನಗಳ ಸಾಲು, ಕೊಂಬಿಗೆ ಕೊಂಬು ತಾಗಿಸಿಕೊಂಡು ನಿಂತಿರುತ್ತದೆ. ಜಗಳ ಶುರುವಾಗಿದ್ದೇ ಅವುಗಳಿಂದ.

ನಡುವಿನ ಅಂಕಣಕ್ಕೆ ಬನ್ನಿ. ಗದ್ದಲ ನಿಂತುಹೋಗಿದೆ. ಅದೇ ವೀರ ಇಬ್ಬರು ಅಪ್ಸರೆಯರ ನಡುವೆ ಇದ್ದಾನೆ. ಅವರು ಅವನ ತೋಳು ಹಿಡಿದು ಮೇಲಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಕೆಲವು ಕಲ್ಲುಗಳಲ್ಲಿ ವಿಮಾನ ಇದೆ, ಚಾಮರ ಇದೆ. ಮೇಲಿನ ಅಂಕಣದಲ್ಲಿ ಕೈಲಾಸ. ನಡುವೆ ಶಿವಲಿಂಗ, ಒಂದು ಕಡೆ ಪೂಜೆ ಮಾಡುವ ಗೊರವ, ಇನ್ನೊಂದು ಕಡೆ ಕೈಮುಗಿದು ಕುಳಿತ ವೀರ. ಶಿವನ ಎತ್ತು ನಂದಿ ಬಸವಣ್ಣನೂ ಅಲ್ಲೇ ಇದ್ದಾನೆ. ಎಲ್ಲಕ್ಕಿಂತ ಮೇಲೆ ಸೂರ್ಯ, ಚಂದ್ರ. ಅವೆರಡು ಇರುವ ತನಕ ಈ ಹೆಸರು ಇರಲಿ ಅಂತ.

ಈ ಕೈಲಾಸದಲ್ಲಿ ಏನೇನಿಲ್ಲ ಅನ್ನುವುದನ್ನೂ ಗಮನಿಸಿ. ಕಾವ್ಯಗಳ ಸ್ವರ್ಗದಲ್ಲಿ ಕಲ್ಪವೃಕ್ಷ ಇದೆ, ಕಾಮಧೇನು ಇದೆ, ಐರಾವತ ಇದೆ, ಇಂದ್ರನ ಸಭೆ ಇದೆ. ಕಲ್ಲಿನ ಸ್ವರ್ಗದಲ್ಲಿರುವುದು ಒಂದು ಲಿಂಗ, ಒಬ್ಬ ಪೂಜಾರಿ, ಒಂದು ಎತ್ತು. ಊರಿನ ಶಿವನ ಗುಡಿಯಲ್ಲಿ ಬೆಳಗ್ಗೆ ಕಾಣುವುದೇ ಅಲ್ಲೂ ಕಾಣುತ್ತದೆ. ದನ ಕಾಯುತ್ತಾ ಸತ್ತವನನ್ನು ಗುರುತು ಪರಿಚಯವಿಲ್ಲದ ಯಾವುದೋ ಲೋಕಕ್ಕೆ ಕಳಿಸಲು ಆ ಶಿಲ್ಪಿಗೆ ಮನಸ್ಸಾಗಲಿಲ್ಲವೇನೋ. ಅವನಿಗೆ ಗೊತ್ತಿರುವ ದೇವರ ಪಕ್ಕದಲ್ಲೇ ಜಾಗ ಕೊಟ್ಟ. ನನಗಂತೂ ವೀರಗಲ್ಲಿನಲ್ಲಿ ಬಹಳ ಇಷ್ಟವಾಗುವುದು ಇದೇ. ವೀರ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ ಕೂತಿರುತ್ತಾನೆ. ಉಳಿದದ್ದೆಲ್ಲ ಹೆಚ್ಚು ಕಡಿಮೆ ಹಾಗೇ.

ಈ ಜಾಗ ಯಾರಿಗೆ ಸಿಗುತ್ತಿತ್ತು? ರಾಜರಿಗೆ ಮಾತ್ರ ಅಲ್ಲ. ತುರುಗೋಳ್ ಅಂದರೆ ದನ ಹೊಡೆದುಕೊಂಡು ಹೋಗುವ ದಾಳಿ. ಅದನ್ನು ತಡೆಯಲು ಹೋಗಿ ಸತ್ತವರ ಕಲ್ಲುಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಊರಿಗೆ ಬೆಂಕಿ ಬಿದ್ದಾಗ, ಹೆಂಗಸರ ಮಾನಕ್ಕೆ ಕೈ ಹಾಕಿದಾಗ ಎದುರು ನಿಂತವರ ಕಲ್ಲುಗಳಿವೆ. ಹುಲಿ ಜೊತೆ ಹೋರಾಡಿ ಸತ್ತವರ ಕಲ್ಲುಗಳೂ ಇವೆ. ಬೆಂಗಳೂರು ಅನ್ನುವ ಹೆಸರು ನಮಗೆ ಮೊದಲು ಸಿಗುವುದೂ ಇಂಥದ್ದೇ ಒಂದು ಕಲ್ಲಿನಲ್ಲಿ. ಬೇಗೂರಿನ ಗುಡಿಯಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನ ಅದು. ಬೆಂಗಳೂರ ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತ ಅಂತ ಅದರಲ್ಲಿದೆ. ಇಷ್ಟು ದೊಡ್ಡ ಊರಿನ ಹೆಸರನ್ನು ಇಷ್ಟು ಕಾಲ ಕಾಪಾಡಿದ್ದು ಒಬ್ಬ ಸತ್ತವನ ಕಲ್ಲು.

ಎಷ್ಟೋ ವೀರಗಲ್ಲುಗಳಲ್ಲಿ ಒಂದೇ ಸಂಸ್ಕೃತ ಶ್ಲೋಕ ಮತ್ತೆ ಮತ್ತೆ ಬರುತ್ತದೆ. 'ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ, ಕ್ಷಣವಿಧ್ವಂಸಿನೀ ಕಾಯೇ ಕಾ ಚಿಂತಾ ಮರಣೇ ರಣೇ.' ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು. ಕ್ಷಣದಲ್ಲಿ ಹೋಗುವ ಈ ದೇಹಕ್ಕೆ ಯುದ್ಧದಲ್ಲಿ ಸಾಯುವ ಚಿಂತೆ ಯಾಕೆ? ಗೀತೆಯಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ಮಾತೂ ಇದೇ ದಾರಿಯದು. ಸತ್ತರೆ ಸ್ವರ್ಗ, ಗೆದ್ದರೆ ಭೂಮಿ ಅಂತ.

ಆದರೆ ಊರಿನವರು ಈ ಶ್ಲೋಕ ಕೆತ್ತಿಸಿ ಸುಮ್ಮನಾಗಲಿಲ್ಲ. ಸತ್ತವನ ಮನೆಯವರಿಗೆ ಜಮೀನು ಬಿಟ್ಟುಕೊಟ್ಟರು. ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು. ಶಾಸನದಲ್ಲಿ ಅದನ್ನೂ ಬರೆಸಿದರು. ಈ ಭೂಮಿಗೆ ಕೈ ಹಾಕಿದವನಿಗೆ ಪಾಪ ಬರಲಿ ಅಂತ ಶಾಪವನ್ನೂ ಸೇರಿಸಿದರು. ಅವನು ಕೈಲಾಸದಲ್ಲಿದ್ದಾನೆ, ಸರಿ. ಅವನ ಮಕ್ಕಳು ಇಲ್ಲಿ ಉಣ್ಣಬೇಕಲ್ವಾ? ಪರಲೋಕದ ಬಗ್ಗೆ ಮಾತಾಡುವ ಕಲ್ಲಿನಲ್ಲೇ ಈ ಲೋಕದ ಗದ್ದೆಯ ಗಡಿಯನ್ನೂ ಕೆತ್ತಿಸಿದ ಹಿರಿಯರ ಮೇಲೆ ನನಗೆ ತುಂಬಾ ಗೌರವ.

ಇನ್ನು ಆತಕೂರಿನ ಕಲ್ಲು. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿದೆ. ಅಲ್ಲಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಕಾಲ ಅದು. ಆ ಯುದ್ಧದಲ್ಲಿ ಮಣಲೇರ ಎಂಬ ವೀರ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು ಎನ್ನುತ್ತದೆ ಶಾಸನ. ಆ ನಾಯಿಗೆ ಕಲ್ಲು ನಿಲ್ಲಿಸಿದರು, ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ. ದೊಡ್ಡ ಕೆರೆಯ ಕೆಳಗೆ ಜಮೀನು ಬಿಟ್ಟರು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಊಟ ಮಾಡುವಂತಿಲ್ಲ ಅಂತ ಕಟ್ಟು ಮಾಡಿದರು.

ವಸ್ತುಸಂಗ್ರಹಾಲಯಕ್ಕೆ ಹೋದವರು ಕೆತ್ತನೆಯನ್ನು ಹತ್ತಿರದಿಂದ ನೋಡಿ. ನಾಯಿ, ಹಂದಿ ಎರಡೂ ಒಂದರ ಮೇಲೊಂದು ಬಿದ್ದು ಕಚ್ಚಾಡುತ್ತಿವೆ. ಚಿತ್ರ ಅಷ್ಟೇ. ತಕ್ಕೋಲದಂಥ ದೊಡ್ಡ ಯುದ್ಧ ಅಕ್ಷರಗಳಲ್ಲಿ ಉಳಿಯಿತು. ಚಿತ್ರದ ಜಾಗ ನಾಯಿಗೆ ಸಿಕ್ಕಿತು.

ನಾಯಿ ಅಂದರೆ ಮಹಾಭಾರತದ ಕೊನೆ ನೆನಪಾಗದೆ ಇರುತ್ತದೆಯೇ? ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಅಂದವನು ಧರ್ಮರಾಯ. ಅದಾದ ಮೇಲಿನ ಕಥೆಯನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ಧರ್ಮರಾಯ ಸ್ವರ್ಗದೊಳಗೆ ಹೋಗಿ ನೋಡಿದರೆ ಮೊದಲು ಕಂಡದ್ದು ದುರ್ಯೋಧನ. ಸೂರ್ಯನ ಹಾಗೆ ಹೊಳೆಯುತ್ತಾ ಆಸನದ ಮೇಲೆ ಕೂತಿದ್ದಾನೆ. ತಮ್ಮಂದಿರು ಕಾಣಲಿಲ್ಲ, ದ್ರೌಪದಿ ಕಾಣಲಿಲ್ಲ. ಇವನು ಕ್ಷತ್ರಿಯ ಧರ್ಮ ಬಿಡದೆ ಯುದ್ಧದಲ್ಲಿ ಸತ್ತವನು, ಅದಕ್ಕೇ ಈ ಲೋಕ ಸಿಕ್ಕಿತು ಅಂತ ನಾರದ ಹೇಳಿದ. ಧರ್ಮರಾಯನಿಗೆ ಈ ಮಾತು ಹಿಡಿಸಲಿಲ್ಲ. ನನ್ನವರು ಇರುವಲ್ಲಿಗೆ ಕರೆದುಕೊಂಡು ಹೋಗಿ ಅಂದ. ಕರೆದುಕೊಂಡು ಹೋದ ಜಾಗ ಕತ್ತಲೆ, ಕೊಳೆತ ವಾಸನೆ. ಅಲ್ಲಿ ತಮ್ಮಂದಿರ ದನಿ ಕೇಳಿ, ನಾನು ಇಲ್ಲೇ ಇರುತ್ತೇನೆ ಅಂದುಬಿಟ್ಟ. ಅದೆಲ್ಲ ಪರೀಕ್ಷೆ ಅಂತ ಆಮೇಲೆ ಗೊತ್ತಾಗುತ್ತದೆ. ಆದರೂ ಅವನು ಕೇಳಿದ ಪ್ರಶ್ನೆ ಹಾಗೇ ಉಳಿಯುತ್ತದೆ. ಯುದ್ಧದಲ್ಲಿ ಸತ್ತ ಅನ್ನುವುದೊಂದೇ ಸಾಕೇ? ಯಾಕಾಗಿ ಸತ್ತ ಅನ್ನುವುದು ಲೆಕ್ಕಕ್ಕಿಲ್ಲವೇ?

ಕಲ್ಲುಗಳೂ ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಿಲ್ಲ. ದನ ಕಾಪಾಡಿದವನಿಗೂ ಕೈಲಾಸ. ಒಡೆಯನ ಅಪ್ಪಣೆಯಂತೆ ಪಕ್ಕದ ನಾಡಿಗೆ ನುಗ್ಗಿ ಸತ್ತವನಿಗೂ ಕೈಲಾಸ. ಕೆಳಗಿನ ಅಂಕಣ ಒಂದೊಂದು ಕಲ್ಲಿಗೆ ಒಂದೊಂದು ಥರ, ಮೇಲಿನದು ಎಲ್ಲರಿಗೂ ಒಂದೇ.

ಗಂಡ ಸತ್ತ ಮೇಲೆ ಬೆಂಕಿಗೆ ಬಿದ್ದ ಹೆಂಗಸಿನ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲಿನ ಮುಂದೆ ನಿಂತಾಗ ನನಗೆ ಇನ್ನೂ ಕಷ್ಟವಾಗುತ್ತದೆ. ಒಂದು ಕಂಬ, ಅದರಿಂದ ಹೊರಟ ಒಂದು ತೋಳು. ಮೊಣಕೈ ಮಡಿಸಿ ಅಂಗೈ ಮೇಲೆತ್ತಿದೆ. ಕೈ ತುಂಬಾ ಬಳೆ. ಕೆಲವು ಕಡೆ ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡ ಏಚ ಸತ್ತ ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹೊರಟಳು. ಹೆತ್ತವರು, ನೆಂಟರು ಬೇಡ ಬೇಡ ಅಂತ ತಡೆದರು, ಅವಳು ಕೇಳಲಿಲ್ಲ. ಶಾಸನ ಅವಳನ್ನು ಹೊಗಳಿ ದೇವಲೋಕಕ್ಕೆ ಕಳಿಸುತ್ತದೆ. ನನ್ನ ಮನಸ್ಸು ಮಾತ್ರ ತಡೆಯಲು ಬಂದ ಆ ತಂದೆತಾಯಿಯ ಹತ್ತಿರವೇ ನಿಲ್ಲುತ್ತದೆ. ಅವರ ಅಳುವನ್ನೂ ಕಲ್ಲಿನಲ್ಲಿ ಬರೆದ ಕವಿಗೆ ಕೈಮುಗಿಯಬೇಕು. ಅವನು ಅದನ್ನು ಬಿಟ್ಟುಬಿಡಬಹುದಿತ್ತು.

ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಸಾವಿನ ದಾರಿಯೇ ಬೇರೆ. ಅಲ್ಲಿ ಯುದ್ಧ ಇಲ್ಲ, ಬೆಂಕಿ ಇಲ್ಲ. ಅನ್ನ ನೀರು ಬಿಟ್ಟು ದೇಹ ಬಿಟ್ಟ ಜೈನರ ನಿಸಿದಿಗಳು, ಅಂದರೆ ನೆನಪಿನ ಕಲ್ಲುಗಳು, ಇವೆ. ಏಳನೇ ಶತಮಾನದ ಒಂದು ಬಂಡೆಬರಹದಲ್ಲಿ ನಂದಿಸೇನ ಮುನಿಯ ಮಾತು ಬರುತ್ತದೆ. ರೂಪ, ಹಣ, ವೈಭವ ಎಲ್ಲ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಬೇಗ ಕರಗುತ್ತವೆ, ಈ ಭೂಮಿಯಲ್ಲಿ ಇರುವುದನ್ನು ನಾನು ಮೆಚ್ಚೆ ಅಂತ. ಕನ್ನಡದ ತೀರಾ ಹಳೆಯ ಪದ್ಯಗಳಲ್ಲಿ ಅದೂ ಒಂದು. ಅವನೂ ದೇವಲೋಕಕ್ಕೇ ಹೋದ. ಕರೆದುಕೊಂಡು ಹೋಗಲು ಅಪ್ಸರೆಯರು ಬರಲಿಲ್ಲ.

ಹನ್ನೆರಡನೇ ಶತಮಾನಕ್ಕೆ ಬಂದರೆ ಕಲ್ಯಾಣದಲ್ಲಿ ಬಸವಣ್ಣ ಈ ಅಂಕಣಗಳನ್ನೇ ಒಡೆದುಹಾಕಿದರು. 'ದೇವಲೋಕ ಮರ್ತ್ಯಲೋಕವೆಂಬುದು ಬೇರಿಲ್ಲ ಕಾಣಿರೋ' ಅಂದರು. ಸತ್ಯವ ನುಡಿವುದೇ ದೇವಲೋಕ, ಆಚಾರವೇ ಸ್ವರ್ಗ, ಅನಾಚಾರವೇ ನರಕ. ಆ ಕಾಲದಲ್ಲೂ ಸುತ್ತಲಿನ ಊರುಗಳಲ್ಲಿ ವೀರಗಲ್ಲುಗಳು ಏಳುತ್ತಲೇ ಇದ್ದವು. ಸ್ವರ್ಗಕ್ಕೆ ಯುದ್ಧದಲ್ಲಿ ಬೀಳಬೇಕಾಗಿಲ್ಲ, ದಿನಾ ನಿಜ ಹೇಳಿಕೊಂಡು ಬದುಕಿದರೆ ಸಾಕು ಅನ್ನುವ ಮಾತು ಎಷ್ಟು ದೊಡ್ಡ ಧೈರ್ಯದ್ದು ಅಂತ ಆ ಕಲ್ಲುಗಳ ನಡುವೆ ಇಟ್ಟು ನೋಡಿದಾಗಲೇ ಗೊತ್ತಾಗುವುದು. ಧರ್ಮರಾಯ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿ ಸಿಕ್ಕ ಅತಿ ನೇರ ಉತ್ತರ ಇದು ಅಂತ ನಾನು ತಿಳಿದಿದ್ದೇನೆ. ಹಾಗಂತ ಕಲ್ಲುಗಳ ಮೇಲಿನ ಪ್ರೀತಿ ನನಗೆ ಕಡಿಮೆಯಾಗಿಲ್ಲ. ವಚನ ಬದುಕುವವನಿಗೆ ಹೇಳಿದ್ದು. ಕಲ್ಲು ನಿಂತದ್ದು ಮಗನನ್ನು ಕಳೆದುಕೊಂಡ ಮನೆಗಾಗಿ.

ಈ ಕಲ್ಲುಗಳ ಇವತ್ತಿನ ಸ್ಥಿತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಮೋರಿಗೆ ಚಪ್ಪಡಿಯಾಗಿವೆ. ಬಟ್ಟೆ ಒಗೆಯುವ ಕಲ್ಲಾಗಿವೆ. ನಿಧಿ ಇದೆ ಅಂತ ರಾತ್ರೋರಾತ್ರಿ ಅಗೆದು ಬೀಳಿಸಿದ್ದಾರೆ. ಭಕ್ತಿಯಿಂದಲೇ ಕೆಲವರು ಆಯಿಲ್ ಪೇಂಟ್ ಬಳಿದು ಅಕ್ಷರ ಮುಚ್ಚಿಬಿಟ್ಟಿದ್ದಾರೆ. ಚೆನ್ನಾಗಿ ಉಳಿದವನ್ನು ನೋಡಬೇಕಾದರೆ ಶಿವಮೊಗ್ಗದ ಶಿವಪ್ಪನಾಯಕನ ಅರಮನೆ ಆವರಣಕ್ಕೆ ಹೋಗಿ, ಬಳ್ಳಿಗಾವೆಗೆ ಹೋಗಿ. ನಿಮ್ಮ ಊರಲ್ಲೇ ಒಂದಿದ್ದರೆ ಅಲ್ಲಿಂದಲೇ ಶುರುಮಾಡಿ. ಬೆಳಗ್ಗೆಯೋ ಸಂಜೆಯೋ ಹೋಗಿ, ಓರೆ ಬಿಸಿಲಿಗೆ ಅಕ್ಷರಗಳು ಎದ್ದು ಕಾಣುತ್ತವೆ. ಬರೀ ನೀರಿನಿಂದ ಮೆಲ್ಲಗೆ ತೊಳೆಯಿರಿ. ಸುಣ್ಣ, ಬಣ್ಣ, ತಂತಿ ಬ್ರಷ್ ಬೇಡ. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ. ಉಳುವಾಗ ಹೊಸದೊಂದು ಸಿಕ್ಕಿದರೆ ಸಿಕ್ಕ ಜಾಗ ಬರೆದಿಟ್ಟುಕೊಳ್ಳುವ ತನಕ ಅದನ್ನು ಕದಲಿಸಬೇಡಿ. ಕೆಳಗಿನ ಅಂಕಣದ ಅರ್ಧ ಮಣ್ಣಿನಲ್ಲಿ ಹೂತಿರುತ್ತದೆ, ಸತ್ತವನ ಹೆಸರು ಎಷ್ಟೋ ಸಲ ಅಲ್ಲೇ ಇರುತ್ತದೆ.

ನಮಸ್ಕಾರ.