ಬೀಜ ಬಿಡುವ ಕೈ

ಕೇಳುಗರಿಗೆ ನಮಸ್ಕಾರ.

ನಮ್ಮ ಗದಗ ಸೀಮೆಯಲ್ಲಿ ಗುರು ಅಂದ ಕೂಡಲೇ ಜನ ಕೈ ಮುಗಿದು ಹೇಳುವ ಹೆಸರುಗಳಿಗೆ ಬರ ಇಲ್ಲ. ತೋಂಟದಾರ್ಯ ಮಠ ಇದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟ ಪುಟ್ಟರಾಜ ಗವಾಯಿಗಳು 2010ರವರೆಗೂ ನಮ್ಮ ನಡುವೆಯೇ ಇದ್ದರು. ಶಿರಹಟ್ಟಿಗೆ ಹೋದರೆ ಫಕೀರೇಶ್ವರ ಮಠ. ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಗದ್ದುಗೆ ಅದು. ನಾನೂ ಇಲ್ಲೆಲ್ಲ ಹೋಗಿದ್ದೇನೆ, ಕಾಯಿ ಒಡೆಸಿದ್ದೇನೆ, ಪ್ರಸಾದ ಉಂಡಿದ್ದೇನೆ. ಆದರೆ ದೇವರ ಕಡೆ ಮೊದಲು ಮುಖ ತಿರುಗಿಸಿದವರು ಯಾರು ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ನಮ್ಮ ಹೊಲದಲ್ಲಿ ಸಂಬಳಕ್ಕಿದ್ದ ಒಬ್ಬ ಮುದುಕ.

ಅವನ ಹೆಸರು ಹೇಳುವುದಿಲ್ಲ. ಅವನ ಮೊಮ್ಮಕ್ಕಳು ಈಗ ಈ ಮಾತು ಕೇಳುತ್ತಿರಬಹುದು. ಶಿರಹಟ್ಟಿಯ ಅಜ್ಜಾರಿಗೆ ಹರಕೆ ಹೊತ್ತು ಪಡೆದ ಮಗ ಅಂತ ಅವನ ಹೆಸರಿನಲ್ಲೇ ಫಕೀರ ಇತ್ತು, ಅಷ್ಟು ಸಾಕು. ನನಗೆ ಅವನು ಅಜ್ಜ. ಅವನಿಗೆ ನಾನು ಸಣ್ಣವ್ವ.

ನಮ್ಮೂರು ಡಂಬಳದ ಆಚೆ. ಎಲ್ಲಿ ನಿಂತರೂ ಕಪ್ಪತಗುಡ್ಡ ಕಾಣುತ್ತದೆ. ನಮ್ಮದು ಒಂದಿಷ್ಟು ಎರೆ ಹೊಲ, ಅಂದರೆ ಕಪ್ಪು ಮಣ್ಣು, ಒಂದಿಷ್ಟು ಮಸಾರಿ, ಅಂದರೆ ಕೆಂಪು ಮಣ್ಣು. ಎರೆಯಲ್ಲಿ ಬಿಳಿಜೋಳ, ಕಡಲೆ, ಕುಸುಬಿ. ಮಸಾರಿಯಲ್ಲಿ ಶೇಂಗಾ. ಅಜ್ಜ ನಮ್ಮ ಮನೆಗೆ ಯುಗಾದಿ ಪಾಡ್ಯದಿಂದ ಪಾಡ್ಯಕ್ಕೆ ಗೊತ್ತಾದ ಆಳು. ವರ್ಷಕ್ಕೆ ಇಷ್ಟು ರೂಪಾಯಿ, ಇಷ್ಟು ಚೀಲ ಜೋಳ, ಧೋತರ, ಕಂಬಳಿ, ಒಂದು ಜೊತೆ ಕೆರವು. ಊಟ ನಮ್ಮ ಮನೆಯದೇ, ಆದರೆ ಹೊರಗಿನ ಕಟ್ಟೆಯ ಮೇಲೆ. ಅವನ ತಾಟು ದನದ ಕೊಟ್ಟಿಗೆಯ ಗೂಡಿನಲ್ಲಿ ಇರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹಳೆಯ ಆಳುಮಕ್ಕಳ ಬಗ್ಗೆ ಮಾತಾಡುವಾಗ ನಾವು ತಾಟಿನ ಸಂಗತಿ ಬಿಟ್ಟು ಪ್ರೀತಿಯ ಸಂಗತಿ ಮಾತ್ರ ಹೇಳುತ್ತೇವೆ, ಅಲ್ವಾ?

ಶನಿವಾರ ಮುಂಜಾನೆಯ ಸಾಲೆ ಬಿಟ್ಟ ಮೇಲೆ ಬುತ್ತಿ ಒಯ್ಯುವ ಕೆಲಸ ನನ್ನದು. ಕಟಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ. ಬೇವಿನ ಗಿಡದ ಕೆಳಗೆ ಕೂತು ಅಜ್ಜ ಬುತ್ತಿ ಬಿಚ್ಚುತ್ತಿದ್ದ. ಮೊದಲ ತುಣುಕು ಮುರಿದು ಇರುವೆ ಗೂಡಿನ ಬಾಯಿಗೆ ಇಡುವುದು. ಎರಡನೆಯದು ನಾಯಿಗೆ. ಆಮೇಲೆ ಎತ್ತುಗಳಿಗೆ ಒಂದೊಂದು ರೊಟ್ಟಿ. ಇದಕ್ಕೆ ಮಂತ್ರ ಇಲ್ಲ, ಕೈ ಮುಗಿಯುವುದೂ ಇಲ್ಲ. ನಾನು ಹಸಿದು ಕೂತಿರುತ್ತಿದ್ದೆ, ಸಿಟ್ಟು ಬರುತ್ತಿತ್ತು. "ಇರುವಿ ಏನ್ ಬೇಡ್ಯಾವೇನ ನಿನ್ನ?" ಅಂದರೆ, "ಅವಕ್ಕ ಬೇಡಾಕ ಬರೂದಿಲ್ಲ ಸಣ್ಣವ್ವಾ. ಅದಕ್ಕ ನಾವ ನೆನಸಬೇಕು" ಅನ್ನುತ್ತಿದ್ದ.

ಬಿತ್ತುವ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಹಿಂಗಾರಿ ಜೋಳ ಬಿತ್ತುವುದು ಉತ್ತರಿ, ಹಸ್ತ ಮಳೆಯ ಹದದಲ್ಲಿ. ಕೂರಿಗೆಗೆ ಅರಿಸಿನ ಕುಂಕುಮ ಹಚ್ಚಿ ಹೂಡುತ್ತಾರೆ. ಕೂರಿಗೆಯ ಮೇಲೊಂದು ಮರದ ಬಟ್ಟಲು, ಅದರ ತಳದಲ್ಲಿ ತೂತು, ತೂತಿನಿಂದ ತಾಳುಗಳಿಗೆ ಬಿದಿರಿನ ಕೊಳವೆ. ಎತ್ತು ನಡೆಯುತ್ತಿರುವಾಗ ಬೀಜ ಬಿಡುವವರು ಮುಷ್ಟಿಯಲ್ಲಿ ಕಾಳು ಹಿಡಿದು, ಹೆಬ್ಬೆರಳಿನಿಂದ ತೋರುಬೆರಳಿನ ಮೇಲೆ ಹಾಯಿಸುತ್ತ ಬಟ್ಟಲಿಗೆ ಬಿಡಬೇಕು. ನಡಿಗೆ ತಪ್ಪಿದರೆ ಕಾಳು ತಪ್ಪುತ್ತದೆ. ಮುಷ್ಟಿ ಬಿಗಿಯಾದರೆ ಸಾಲು ಬೋಳು, ಸಡಿಲಾದರೆ ಒಂದೇ ಕಡೆ ಗುಂಪು. ಗುಂಪಾಗಿ ಬಿದ್ದದ್ದು ಅವತ್ತು ಗೊತ್ತಾಗುವುದಿಲ್ಲ, ಮೊಳಕೆ ಒಡೆದ ಮೇಲೆ ಊರಿಗೆಲ್ಲ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಬೀಜ ಬಿಡುವುದು ಹೆಣ್ಣುಮಕ್ಕಳು. ಒಂದು ವರ್ಷ ಅಜ್ಜ ನನ್ನ ಕೈಗೂ ಒಂದು ಮುಷ್ಟಿ ಕಾಳು ಕೊಟ್ಟ. ಹೊಲದ ಅಂಚಿನ ಒಂದೆರಡು ಸಾಲು ಅಷ್ಟೇ. ಅವನು ಕೂರಿಗೆ ಹಿಡಿದಿದ್ದ, ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ನನ್ನ ಬಾಯಿ ಸುಮ್ಮನಿರುತ್ತಿರಲಿಲ್ಲ. ಅಜ್ಜ ತಿರುಗಿ ನೋಡದೆಯೇ ಹೇಳಿದ: "ಮನಸ ಕೈಯಾಗ ಇಡು. ಕಾಳು ಎಣಸಬ್ಯಾಡ, ಬೆಳಿ ನೆನಸಬ್ಯಾಡ. ಈಗ ಬೀಳೂ ಕಾಳು ಅಷ್ಟ."

ಎಷ್ಟೋ ವರ್ಷದ ಮೇಲೆ ಹುಬ್ಬಳ್ಳಿಯಲ್ಲಿ ನೌಕರಿ ಮಾಡುವಾಗ ಗೆಳತಿಯರ ಜೊತೆ ಒಂದು ಧ್ಯಾನದ ಶಿಬಿರಕ್ಕೆ ಹೋದೆ. ಉಸಿರಿನ ಮೇಲೆ ಗಮನ ಇಡಿ, ಫಲ ಯೋಚಿಸಬೇಡಿ ಅಂದರು. ಎಲ್ಲರೂ ಕಣ್ಣು ಮುಚ್ಚಿ ಒದ್ದಾಡುತ್ತಿದ್ದರು. ನನಗೆ ಉಸಿರು ಸಿಗಲಿಲ್ಲ, ಆದರೆ ಹೆಬ್ಬೆರಳು ತಾನಾಗಿ ತೋರುಬೆರಳಿನ ಮೇಲೆ ಹಾಯತೊಡಗಿತು. ಅವತ್ತಿನಿಂದ ಇವತ್ತಿನವರೆಗೆ ನನ್ನ ಜಪ ಅದೇ. ಮಣಿ ಇಲ್ಲ, ಸರ ಇಲ್ಲ. ಅವ್ವ ಹಾಸಿಗೆ ಹಿಡಿದ ರಾತ್ರಿಗಳಲ್ಲಿ ಯಾವ ದೇವರ ಹೆಸರೂ ನಾಲಿಗೆಗೆ ಬರುತ್ತಿರಲಿಲ್ಲ. ಬೆರಳು ಮಾತ್ರ ಕೆಲಸ ಬಿಡಲಿಲ್ಲ.

ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸೋಮವಾರದ ಭಜನೆ ತಪ್ಪಿಸಿದವನಲ್ಲ. ಏಕತಾರಿ, ದಮ್ಮಡಿ, ತಾಳ. ತತ್ವಪದ ಎಷ್ಟು ಬರುತ್ತಿದ್ದವೋ ಲೆಕ್ಕ ಇಟ್ಟವರಿಲ್ಲ. ಅದರಲ್ಲೂ ಶಿಶುನಾಳ ಶರೀಫರ ಪದ ಅಂದರೆ ಜೀವ. ಶರೀಫರು ತೀರಿಕೊಂಡದ್ದು 1889ರಲ್ಲಿ. ಆದರೂ ಅಜ್ಜ ಅವರ ಮತ್ತು ಅವರ ಗುರು ಗೋವಿಂದ ಭಟ್ಟರ ಕಥೆಯನ್ನು ಆಚೆ ಓಣಿಯ ಸುದ್ದಿಯ ಹಾಗೆ ಹೇಳುತ್ತಿದ್ದ. ಭಟ್ಟರು ಮುಸಲ್ಮಾನ ಹುಡುಗನನ್ನು ಶಿಷ್ಯನನ್ನಾಗಿ ಮಾಡಿಕೊಂಡಾಗ ಊರವರು ಏನೆಂದರು, ಭಟ್ಟರು ಅದನ್ನು ಹೇಗೆ ಕಿವಿಗೆ ಹಾಕಿಕೊಳ್ಳಲಿಲ್ಲ, ಎಲ್ಲ ಕಣ್ಣಾರೆ ಕಂಡವನ ಧಾಟಿಯಲ್ಲಿ. ಪದದ ಅರ್ಥ ಕೇಳಿದರೆ ಮಾತ್ರ ಹೇಳುತ್ತಿರಲಿಲ್ಲ. "ಹರಗೂ ಮುಂದ ಹಾಡಿಕೋತ ಹೋಗು, ತಾನ ತಿಳೀತೈತಿ" ಅನ್ನುತ್ತಿದ್ದ. ನಿಜ ಹೇಳಲಾ? ಕೆಲವು ಇನ್ನೂ ತಿಳಿದಿಲ್ಲ.

ಶ್ರಾವಣದಲ್ಲಿ ಮಠದ ಪುರಾಣಕ್ಕೆ ಹೋಗುವವನು ಅವನೇ. ಮೊಹರಮ್ ಬಂದರೆ ಕೊರಳಿಗೆ ಲಾಡಿ ಹಾಕಿಕೊಂಡು ಫಕೀರನಾಗುವವನೂ ಅವನೇ. ಅಲಾಯಿ ಕುಣಿಯ ಬೆಂಕಿಯ ಸುತ್ತ ಹೆಜ್ಜೆ ಹಾಕಿ, ಮರುದಿನ ಚೊಂಗೆ ಅನ್ನುವ ಸಿಹಿ ತಿನಿಸಿನ ತುಣುಕನ್ನು ಧೋತರದ ಸೆರಗಿನಲ್ಲಿ ಕಟ್ಟಿಕೊಂಡು ನನಗೆ ತರುತ್ತಿದ್ದ. ಇದರಲ್ಲಿ ವಿಶೇಷ ಇದೆ ಅಂತ ನಮಗೆ ಯಾರಿಗೂ ಅನಿಸುತ್ತಿರಲಿಲ್ಲ. ಈಗ ಇದನ್ನು ಬಾನುಲಿಯಲ್ಲಿ ಹೇಳುವ ಹಾಗಾಗಿದೆ, ಅದೇ ನನಗೆ ಬೇಜಾರು.

ಎಳ್ಳ ಅಮಾವಾಸ್ಯೆಗೆ ಚಕ್ಕಡಿ ಕಟ್ಟಿ ಹೊಲಕ್ಕೆ ಹೋಗುತ್ತಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಕಡಬು, ಬುಟ್ಟಿ ತುಂಬ. ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ. ಆಮೇಲೆ ಚರಗ. ಅಜ್ಜ ಬುಟ್ಟಿ ಹಿಡಿದು ಮುಂದೆ, ನೀರಿನ ತಂಬಿಗೆ ಹಿಡಿದು ನನ್ನ ಅಣ್ಣ ಹಿಂದೆ. "ಹುಲ್ಲುಲ್ಲಿಗೋ" ಅಂತ ಕೂಗುತ್ತ ಅಜ್ಜ ಬೆಳೆಯೊಳಗೆ ಅನ್ನ ಚೆಲ್ಲುತ್ತ ಹೊಲದ ನಾಲ್ಕೂ ಬದು ಸುತ್ತುತ್ತಿದ್ದ. ಅಪ್ಪನೂ ಸುತ್ತಬಹುದಿತ್ತು. ಅಪ್ಪ ನೆರಳಿನಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿರುತ್ತಿದ್ದ.

"ಹೊಲ ನಮ್ಮದು, ನೀ ಯಾಕ ಇಷ್ಟು ಓಡ್ತಿ?" ಅಂತ ಕೇಳಿದೆ ಒಮ್ಮೆ. ಅಜ್ಜ ದಮ್ಮು ಹತ್ತಿ ನಗುತ್ತ ಕೂತ. "ಭೂಮ್ತಾಯಿ ಉತಾರ ಓದ್ಯಾಳೇನ?" ಅಂದ. ಹೊಲದ ಉತಾರ, ಅಂದರೆ ಪಹಣಿ ಪತ್ರ, ಅಪ್ಪನ ಪೆಟ್ಟಿಗೆಯಲ್ಲಿತ್ತು. ಅಜ್ಜನ ಹೆಸರಿಗೆ ಒಂದು ಗುಂಟೆ ಕೂಡ ಇರಲಿಲ್ಲ.

ಇಷ್ಟು ಕೇಳಿ, ಅಜ್ಜ ಸದಾ ತಣ್ಣಗಿದ್ದ ಮನುಷ್ಯ ಅಂದುಕೊಳ್ಳಬೇಡಿ. ಎತ್ತಿಗೆ ಬಾರಕೋಲು ಜೋರಾಗಿ ಬಿದ್ದರೆ ಹೊಡೆದವರು ಯಾರೇ ಇರಲಿ ಬೈದುಬಿಡುತ್ತಿದ್ದ. ಮತ್ತೆ ಆ ಹಕ್ಕಲದ ಪ್ರಸಂಗ. ಶೇಂಗಾ ಹರಗಿ ಆರಿಸಿಕೊಂಡ ಮೇಲೂ ಮಣ್ಣಲ್ಲಿ ಕಾಯಿ ಉಳಿಯುತ್ತವೆ. ಅದನ್ನು ಆಯಲು ಬಡವರ ಮನೆಯ ಹೆಣ್ಣುಮಕ್ಕಳು ಕುರ್ಚಿಗಿ ಹಿಡಿದು ಬರುತ್ತಾರೆ. ಅದು ಹಕ್ಕಲ. ಆ ವರ್ಷ ಮಾರುಕಟ್ಟೆಯಲ್ಲಿ ಶೇಂಗಾಕ್ಕೆ ಒಳ್ಳೆ ದರ ಇತ್ತು. ನಮ್ಮ ಸಂಬಂಧಿಕರೊಬ್ಬರು ಹೊಲಕ್ಕೆ ಬಂದವರು ಆ ಹೆಂಗಸರನ್ನು ಅಟ್ಟಿಸಿದರು. ಒಬ್ಬಾಕೆಯ ಉಡಿಯಲ್ಲಿದ್ದ ಕಾಯಿ ಸುರಿಸಿಕೊಂಡರು. ಅಜ್ಜ ಆಚೆ ಗಳೇ ಹೊಡೆಯುತ್ತಿದ್ದ. ಎತ್ತುಗಳನ್ನು ನಿಲ್ಲಿಸಿ, ನೊಗ ಇಳಿಸಿ, ಬದುವಿನ ಮೇಲೆ ಹೋಗಿ ಕೂತ.

"ಹಕ್ಕಲ ಬಿಡದ ಹೊಲದಾಗ ನಾ ಗಳೇ ಹೊಡಿಯೂದಿಲ್ರಿ."

ಅಷ್ಟೇ ಮಾತು. ಕೂಗಾಟ ಇಲ್ಲ. ಸಂಜೆ ಅಪ್ಪ ಬಂದ, ಬೈದ, ಸಂಬಳ ಹಿಡಿಯುತ್ತೇನೆ ಅಂದ. ಅಜ್ಜ ಎತ್ತುಗಳಿಗೆ ನೀರು ಕುಡಿಸಿ ಮತ್ತೆ ಅಲ್ಲೇ ಬಂದು ಕೂತ. ಮರುದಿನವೂ ಗಳೇ ಹೂಡಲಿಲ್ಲ. ಮೂರನೆಯ ದಿನ ಅಪ್ಪನೇ ಅವ್ವನ ಕಡೆಯಿಂದ ಆ ಹೆಂಗಸರಿಗೆ ಬರಲು ಹೇಳಿ ಕಳಿಸಿದ. ಇಡೀ ಊರಿಗೇ ಹಬ್ಬಿದ ಸುದ್ದಿ ಅದು. ಭಕ್ತಿ ಅಂದರೆ ತಲೆ ಬಗ್ಗಿಸುವುದು ಅಂತ ಯಾರಾದರೂ ಹೇಳಿದಾಗ ನನಗೆ ಬದುವಿನ ಮೇಲೆ ಕೂತ ಆ ಮುದುಕನೇ ಕಾಣುತ್ತಾನೆ. ನಾನು ಒಪ್ಪುವುದಿಲ್ಲ. ನೌಕರಿಯಲ್ಲಿ ಒಂದೆರಡು ಸಲ ಸಹಿ ಮಾಡಲ್ಲ ಅಂತ ಕೂತಿದ್ದೇನೆ. ಆ ಧೈರ್ಯ ಪುಸ್ತಕದಿಂದ ಬಂದದ್ದಲ್ಲ.

ಆಮೇಲೆ 1972ರ ಬರ ಬಂತು. ಆಗ ನಮ್ಮದು ಇನ್ನೂ ಧಾರವಾಡ ಜಿಲ್ಲೆ. ಗದಗ ಜಿಲ್ಲೆಯಾದದ್ದು 1997ರಲ್ಲಿ. ಹೊಲ ಬಿರಿದು ಕಾಲು ಇಳಿಯುವಷ್ಟು ಸೀಳು ಬಿಟ್ಟಿತ್ತು. ಮೇವಿಲ್ಲದೆ ಒಂದು ಜೋಡಿ ಎತ್ತು ಮಾರಿದರು. ಪಾಡ್ಯದ ದಿನ ಅಪ್ಪ ಅಜ್ಜನಿಗೆ ಈ ವರ್ಷ ಬ್ಯಾಡ ಅಂದ. ಅಜ್ಜ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯಲು ಹೋದ. ಆ ವಯಸ್ಸಿನಲ್ಲಿ. ಸಂಜೆ ಮನೆಗೆ ಹೋಗುವಾಗ ನಮ್ಮ ಕೊಟ್ಟಿಗೆಗೆ ಬಂದು, ಉಳಿದ ಎತ್ತುಗಳ ಮೈ ತಿಕ್ಕಿ ಹೋಗುತ್ತಿದ್ದ. ಇದನ್ನು ಅವನ ದೊಡ್ಡಗುಣ ಅಂತ ಎಲ್ಲರೂ ಹೊಗಳಿದರು. ಹೊಗಳುವುದು ಸುಲಭ. ಅವನಿಗೆ ಎತ್ತಿನ ಮೇಲೆ ಜೀವ ಇತ್ತು, ನಿಜ. ಹಾಗೆಯೇ ಅವನ ಮನೆಯಲ್ಲಿ ಜೋಳ ಇರಲಿಲ್ಲ ಅನ್ನುವುದೂ ನಿಜ. ಅವ್ವ ಯಾರಿಗೂ ಕಾಣದ ಹಾಗೆ ಅವನ ಸೆರಗಿಗೆ ಕಾಳು ಹಾಕುತ್ತಿದ್ದಳು.

ಮಳೆಯಾದ ಮೇಲೆ ಮತ್ತೆ ಬಂದ, ಕೆಲವು ವರ್ಷ ದುಡಿದ. ನಾನು ಧಾರವಾಡದಲ್ಲಿ ಕಾಲೇಜಿಗೆ ಇದ್ದಾಗ ತೀರಿಕೊಂಡ. ಅಣ್ಣನ ಕಾರ್ಡು ಕೈಗೆ ಬರುವ ಹೊತ್ತಿಗೆ ಮಣ್ಣಾಗಿ ಬಹಳ ದಿನ ಆಗಿತ್ತು.

ಈಗ ನಮ್ಮ ಹೊಲದಲ್ಲಿ ಟ್ರ್ಯಾಕ್ಟರ್ ಕೂರಿಗೆ ಬಿತ್ತುತ್ತದೆ. ಸಾಲು ನೆಟ್ಟಗೆ ಬರುತ್ತದೆ, ನನಗೇನೂ ದೂರು ಇಲ್ಲ. ರಾಶಿಗೆ ಮಷಿನ್ ಬಂದಿದೆ. ಮೇಟಿ ನೆಟ್ಟು, ಎತ್ತು ಸುತ್ತು ಹೊಡೆಸುತ್ತ, ನಿದ್ದೆ ಬರದಿರಲಿ ಅಂತ ರಾತ್ರಿಯಿಡೀ ಹಂತಿ ಪದ ಹಾಡುವ ಕಾಲ ಹೋಯಿತು. ಅಜ್ಜನ ದನಿ ಅಲ್ಲಿ ಕೇಳಬೇಕಿತ್ತು. ರಾಶಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ "ಲಾಭ" ಅಂತ ಅವನು ಕೂಗಿದರೆ ಕಣದಲ್ಲಿದ್ದ ಹಕ್ಕಿಗಳೆಲ್ಲ ಏಳುತ್ತಿದ್ದವು.

ಹೋದ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ಅಜ್ಜನ ಮೊಮ್ಮಗಳು ಸಿಕ್ಕಳು, ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ನಾನು ಉತ್ಸಾಹದಿಂದ ಇದನ್ನೆಲ್ಲ ಹೇಳಿದೆ. ಇರುವೆ, ರೊಟ್ಟಿ, ಬೀಜ, ಪದ. ಅವಳು ಎಲ್ಲ ಕೇಳಿ ಹೇಳಿದಳು: "ಮನಿಯಾಗ ಮಾತ ಆಡ್ತಿರಲಿಲ್ಲಂತ್ರಿ ಅಜ್ಜ. ಕತ್ತಲಾದ ಮ್ಯಾಲೆ ಬರೂದು, ಉಂಡು ಮಲಗೂದು, ಬೆಳಕ ಹರಿಯೂದ್ರಾಗ ನಿಮ್ಮ ಹೊಲಕ್ಕ ಹೋಗೂದು. ನಮ್ಮಪ್ಪ ಈಗೂ ಅದನ್ನ ಅಂತಾನ. ನಿಮಗ ಸಿಕ್ಕ ಅಜ್ಜ ನಮಗ ಸಿಗಲಿಲ್ಲ ಬಿಡ್ರಿ."

ಅವಳ ಮಾತು ಸರಿ. ಅವನ ಹಗಲೆಲ್ಲ ನಮ್ಮ ಪಾಲಿಗೆ ಹೋಗಿತ್ತು, ಅವನ ಮಾತೂ ಅದರ ಜೊತೆಗೇ ಬಂದಿತ್ತು. ನನ್ನ ಗುರು ಅಂತ ನಾನು ಹೇಳಿಕೊಳ್ಳುವಾಗ ಇದನ್ನೂ ಸೇರಿಸಿಯೇ ಹೇಳಬೇಕು.

ಅವಳೇ ಮೊಬೈಲ್ ತೆಗೆದು, "ಅಜ್ಜ ಹಾಡ್ತಿದ್ದ ಪದ ನಿಮಗ ಬರ್ತಾವೇನ್ರಿ? ಹಾಡ್ರಿ, ತುಂಬಿಕೋತೀನಿ" ಅಂದಳು. ನನ್ನ ದನಿ ದೇವರಿಗೇ ಪ್ರೀತಿ. ಆದರೂ ಬನ್ನಿ ಗಿಡದ ಕೆಳಗೆ ಕೂತು ಬಂದಷ್ಟು ಹಾಡಿದೆ. ಅವಳ ಮಗಳು ತಾಟು ಬಡಿದು ತಾಳ ಹಾಕಿತು. ಆದರೆ ಒಂದು ಹಂತಿ ಪದದ ನಡುವಿನ ನುಡಿಗಳು ನನಗೆ ನೆನಪಿಲ್ಲ. ಎತ್ತಿನ ಕೊರಳ ಗೆಜ್ಜೆಯಿಂದ ಶುರುವಾಗಿ ಬಸವಣ್ಣನ ಹೆಸರಿಗೆ ಬಂದು ಮುಗಿಯುವ ಪದ ಅದು. ಡಂಬಳ, ಮುಂಡರಗಿ ಕಡೆಯ ಹಿರಿಯರು ಯಾರಾದರೂ ಕೇಳುತ್ತಿದ್ದರೆ, ನಿಮಗೆ ಗೊತ್ತಿದ್ದರೆ, ಆಕಾಶವಾಣಿ ಧಾರವಾಡಕ್ಕೆ ಒಂದು ಕಾರ್ಡು ಬರೆಯಿರಿ. ಆ ಹುಡುಗಿಗೆ ನಾನು ತಲುಪಿಸುತ್ತೇನೆ.

ನಮಸ್ಕಾರ.