ಕಾಲಿಗೆ ಗುಂಡು: ಪೊಲೀಸರ ಬಲಪ್ರಯೋಗದ ಬಗ್ಗೆ ಕಾನೂನು ಏನು ಹೇಳುತ್ತದೆ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಪೇಪರ್ ಓದುವವರಿಗೆ ಒಂದು ಸುದ್ದಿ ಬಾಯಿಪಾಠ ಆಗಿಬಿಟ್ಟಿದೆ. ಆರೋಪಿಯನ್ನು ಹಿಡಿಯಲು ಇಲ್ಲವೇ ಮಹಜರು (ಸ್ಥಳ ನೋಡಿ, ವಸ್ತು ಜಪ್ತಿ ಮಾಡಿ ದಾಖಲಿಸುವುದು) ಮಾಡಲು ಪೊಲೀಸರು ಹೋಗುತ್ತಾರೆ. ಅವನು ಚಾಕು ಬೀಸಿ ಓಡಲು ನೋಡುತ್ತಾನೆ. ಒಬ್ಬ ಸಿಬ್ಬಂದಿಗೆ ಗಾಯವಾಗುತ್ತದೆ. ಇನ್ಸ್‌ಪೆಕ್ಟರ್ ಮೊದಲು ಗಾಳಿಯಲ್ಲಿ ಗುಂಡು ಹಾರಿಸಿ ಎಚ್ಚರಿಸುತ್ತಾರೆ, ಆಮೇಲೆ ಕಾಲಿಗೆ ಹೊಡೆಯುತ್ತಾರೆ. ಇಬ್ಬರೂ ಮೆಗ್ಗಾನ್ ಆಸ್ಪತ್ರೆಗೆ ದಾಖಲು. ಸಂಜೆಯ ಹೊತ್ತಿಗೆ ವಾಟ್ಸಾಪ್ ತುಂಬಾ ಶಹಬ್ಬಾಸ್‌ಗಿರಿ.

ಪೊಲೀಸರ ಮೇಲೆ ನಿಜವಾಗಿಯೂ ಹಲ್ಲೆಗಳಾಗುತ್ತವೆ. ರಾತ್ರಿ ಹೊತ್ತು ಚಾಕು ಹಿಡಿದವನ ಎದುರು ನಿಲ್ಲುವ ಕಾನ್‌ಸ್ಟೆಬಲ್‌ಗೂ ಮನೆಯಲ್ಲಿ ಹೆಂಡತಿ ಮಕ್ಕಳಿರುತ್ತಾರೆ. ಅವರ ಜೀವ ಅಗ್ಗ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಹಾಗಾಗಿಯೇ ಗುಂಡು ಹಾರಿಸುವ ಅಧಿಕಾರ ಎಲ್ಲಿಂದ ಬರುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ನಮಗೆಲ್ಲ ಗೊತ್ತಿರಬೇಕು.

2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಸೆಕ್ಷನ್ 43 ಬಂಧನದ ಬಗ್ಗೆ ಹೇಳುತ್ತದೆ. ಆರೋಪಿ ಬಲವಾಗಿ ಎದುರು ಬಿದ್ದರೆ, ತಪ್ಪಿಸಿಕೊಳ್ಳಲು ನೋಡಿದರೆ, ಹಿಡಿಯಲು ಬೇಕಾದ ಎಲ್ಲ ಕ್ರಮವನ್ನೂ ಪೊಲೀಸರು ಬಳಸಬಹುದು. ಅಲ್ಲೇ ಒಂದು ಬೇಲಿಯೂ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಆರೋಪ ಇಲ್ಲದವನನ್ನು ಸಾಯಿಸುವ ಹಕ್ಕನ್ನು ಈ ಸೆಕ್ಷನ್ ಕೊಡುವುದಿಲ್ಲ. ಇನ್ನು ಸೆಕ್ಷನ್ 46 ಪ್ರಕಾರ, ತಪ್ಪಿಸಿಕೊಳ್ಳದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ನಿರ್ಬಂಧ ಹಾಕುವಂತಿಲ್ಲ.

ಎರಡನೆಯ ಆಧಾರ ಆತ್ಮರಕ್ಷಣೆ. ಇದು ಪೊಲೀಸರಿಗೆ ಮಾತ್ರ ಇರುವ ವಿಶೇಷ ಹಕ್ಕಲ್ಲ. ನಿಮಗೂ ನನಗೂ ಇರುವುದೇ ಅವರಿಗೂ ಇದೆ. ಪ್ರಾಣಕ್ಕೆ ಅಪಾಯ ಇದ್ದಾಗ ಎದುರಿನವನ ಪ್ರಾಣ ಹೋದರೂ ಕಾನೂನು ಕ್ಷಮಿಸುತ್ತದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು. ಅಪಾಯ ಕಳೆದ ಮೇಲೆ ಹೊಡೆದರೆ ಅದು ಆತ್ಮರಕ್ಷಣೆ ಆಗುವುದೂ ಇಲ್ಲ.

ಈ ಎರಡರಲ್ಲಿ ಎಲ್ಲಿಯೂ 'ಕಾಲಿಗೆ ಹೊಡೆದು ಬುದ್ಧಿ ಕಲಿಸು' ಎಂದು ಬರೆದಿಲ್ಲ. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ತೀರ್ಮಾನಿಸುವುದು, ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ. ಆರೋಪಿ ಕ್ರಿಮಿನಲ್ ಎಂಬ ಕಾರಣಕ್ಕೆ ಅವನನ್ನು ಕೊಲ್ಲುವುದು ಪೊಲೀಸರ ಕರ್ತವ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಓಂ ಪ್ರಕಾಶ್ ಪ್ರಕರಣದಲ್ಲಿ ಹೇಳಿದೆ.

'ಕಾಲಿಗೆ ತಾನೇ, ಪ್ರಾಣಕ್ಕೇನೂ ಆಗಿಲ್ವಲ್ಲ' ಎನ್ನುವವರು ಬಹಳ ಜನ. ಮೂಳೆ ಮುರಿದರೆ ಅದು ಅಪರಾಧ, ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 116ರಲ್ಲಿ ತೀವ್ರ ಗಾಯ. ಈಗ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ಕೊಟ್ಟ ತೀರ್ಪು ನೋಡಿ. ಅದು ಹುಟ್ಟಿದ್ದು 1995ರಿಂದ 1997ರ ನಡುವೆ ಮುಂಬೈ ಪೊಲೀಸರು ನಡೆಸಿದ 99 ಎನ್‌ಕೌಂಟರ್‌ಗಳಿಂದ. ಸತ್ತವರು ಸುಮಾರು 135 ಜನ. ಗುಂಡು ಹಾರಿದರೆ ಏನೇನು ಮಾಡಬೇಕು ಎಂದು ಕೋರ್ಟ್ ಅದರಲ್ಲಿ ಒಂದೊಂದಾಗಿ ಬರೆದಿದೆ. ಎಫ್‌ಐಆರ್ ತಡವಿಲ್ಲದೆ ಕೋರ್ಟಿಗೆ ಹೋಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, ಅವನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟ್ ಅಥವಾ ವೈದ್ಯರು ಬರೆದುಕೊಳ್ಳಬೇಕು. ಘಟನೆ ಆದ ತಕ್ಷಣ ಬಡ್ತಿ, ಶೌರ್ಯ ಪದಕ ಕೊಡುವಂತಿಲ್ಲ. ಸಾವಿನ ಪ್ರಕರಣಗಳಿಗೆ ಮಾತ್ರ ಇದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ತೀರ್ಪಿನ ಕೊನೆ ಓದಿ. ಸಾವು ಮತ್ತು ತೀವ್ರ ಗಾಯ, ಎರಡಕ್ಕೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದಿದೆ. ನಮ್ಮೂರಿನ ಕಾಲಿನ ಗುಂಡೇಟೂ ಇದರೊಳಗೇ ಬರುತ್ತದೆ.

ಮಹಜರಿನ ವಿಷಯಕ್ಕೆ ಬರೋಣ. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105 ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ ವಿಡಿಯೊದಲ್ಲಿ ದಾಖಲಿಸಬೇಕು. ಮೊಬೈಲ್‌ನಲ್ಲೇ ಸಾಕು. ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಚಾಕು, ಬೈಕು ಜಪ್ತಿ ಮಾಡಲೆಂದೇ ಆರೋಪಿಯನ್ನು ಕರೆದುಕೊಂಡು ಹೋಗಿದ್ದಾರೆ ಅಂದಮೇಲೆ ಕ್ಯಾಮೆರಾ ಅಲ್ಲಿ ಇರಲೇಬೇಕು, ಅಲ್ವಾ? ಹಲ್ಲೆ ನಡೆದಿದ್ದರೆ ಪೊಲೀಸರ ಪರವಾಗಿ ಆ ವಿಡಿಯೊಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಪತ್ರಕರ್ತ ಗೆಳೆಯರು ಇಲ್ಲಿದ್ದೀರಿ. ಮುಂದಿನ ಸಲ ಠಾಣೆಯ ಪ್ರಕಟಣೆ ಕೈಗೆ ಬಂದಾಗ ದಯವಿಟ್ಟು ಆ ವಿಡಿಯೊ ಕೇಳಿ. ಎಫ್‌ಐಆರ್ ನಂಬರ್ ಕೇಳಿ. ತನಿಖೆ ಯಾರ ಕೈಯಲ್ಲಿದೆ ಎಂದೂ ಕೇಳಿ.

ಮಲೆನಾಡಿನ ಕಾಡುದಾರಿಯಲ್ಲಿ ಸಾಕ್ಷಿಗಳೇ ಸಿಗುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಶೃಂಗೇರಿ ಹತ್ತಿರದ ತನಿಕೋಡು ಚೆಕ್‌ಪೋಸ್ಟ್ ಬಳಿ, ದನ ಸಾಗಿಸುತ್ತಿದ್ದ ವಾಹನದಲ್ಲಿದ್ದ ಯುವಕನೊಬ್ಬ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಬಲಿಯಾದ. ದನ ಸಾಗಣೆಗೆ ಆಗಿನ ಕಾನೂನಿನಲ್ಲಿ ಮರಣದಂಡನೆಯೂ ಇರಲಿಲ್ಲ, ಜೀವಾವಧಿಯೂ ಇರಲಿಲ್ಲ. ನಾನು ಆಗಲೇ ಹೇಳಿದ ಬೇಲಿ ಯಾಕೆ ಬೇಕು ಎಂಬುದಕ್ಕೆ ಈ ಸಾವು ನೆನಪಿರಬೇಕು. ನಿಲ್ಲಿಸದೆ ಹೋದ ವಾಹನಕ್ಕೆಲ್ಲ ಗುಂಡು ಹೊಡೆಯಬಹುದು ಎಂದಾದರೆ ಘಟ್ಟದ ದಾರಿಯಲ್ಲಿ ರಾತ್ರಿ ಓಡಾಡುವ ಯಾರಿಗೂ ಭರವಸೆ ಉಳಿಯುವುದಿಲ್ಲ.

ಗುಂಪು ಚದುರಿಸುವ ಬಗ್ಗೆಯೂ ಎರಡು ಮಾತು. ಅದೇ ಸುರಕ್ಷಾ ಸಂಹಿತೆಯ ಸೆಕ್ಷನ್ 148ರಲ್ಲಿ ಮೊದಲು ಚದುರಿ ಎಂಬ ಆದೇಶ, ಕೇಳದಿದ್ದರೆ ಬಲ. ಆದೇಶ ಕೊಡುವವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ, ಅವರಿಲ್ಲದಾಗ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ. ನಮ್ಮ ಜಿಲ್ಲೆಗೆ ಈ ವಿಷಯ ಹೊಸದಲ್ಲ. 1942ರ ಸ್ವಾತಂತ್ರ್ಯ ಹೋರಾಟದ ವೇಳೆ ಈಸೂರಿನಲ್ಲಿ ಜನರ ಗುಂಪಿಗೆ ಎದುರಾದವರು ಅಮಲ್ದಾರ್ (ತಾಲ್ಲೂಕಿನ ಕಂದಾಯ ಅಧಿಕಾರಿ) ಮತ್ತು ಸಬ್ ಇನ್ಸ್‌ಪೆಕ್ಟರ್. ಇಬ್ಬರೂ ಪ್ರಾಣ ಕಳೆದುಕೊಂಡರು. ಮರುವರ್ಷ ಊರಿನ ಐವರು ಗಲ್ಲಿಗೇರಿದರು. ಎರಡೂ ಕಡೆಯ ಮನೆಗಳಲ್ಲಿ ಸಾವಾಯಿತು. ಗುಂಪು ಹತೋಟಿಗೆ ಬಂದ ಮೇಲೂ ಹೊಡೆಯುತ್ತಲೇ ಇದ್ದರೆ ಅದು ಅತಿರೇಕ ಎಂದು ಸುಪ್ರೀಂ ಕೋರ್ಟ್ 2016ರ ಅನಿತಾ ಠಾಕೂರ್ ಪ್ರಕರಣದಲ್ಲಿ ಹೇಳಿ ಪರಿಹಾರ ಕೊಡಿಸಿತು.

ಕೊನೆಯದಾಗಿ, ಗುಂಡೇಟು ತಿಂದವರ ಮನೆಯವರು ಇಲ್ಲಿದ್ದರೆ ಇದನ್ನು ಬರೆದಿಟ್ಟುಕೊಳ್ಳಿ. 2014ರ ತೀರ್ಪಿನ ಕ್ರಮ ಪಾಲನೆಯಾಗಿಲ್ಲ, ತನಿಖೆ ಸ್ವತಂತ್ರವಾಗಿ ನಡೆದಿಲ್ಲ ಎಂದು ಕಂಡರೆ ಘಟನೆ ನಡೆದ ಜಾಗದ ಸೆಷನ್ಸ್ ನ್ಯಾಯಾಧೀಶರಿಗೆ ನೇರವಾಗಿ ದೂರು ಕೊಡಬಹುದು. ಆ ತೀರ್ಪೇ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಆಸ್ಪತ್ರೆಯ ಗಾಯದ ದಾಖಲೆ ಮತ್ತು ಎಫ್‌ಐಆರ್ ಪ್ರತಿ ಜೊತೆಗಿಡಿ. ವಕೀಲರ ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಉಚಿತ ನೆರವು ಕೇಳಿ.