ಗಂಟೆ ಹೊಡೆಯುವವರು ಯಾರು?

ಎಲ್ಲರಿಗೂ ನಮಸ್ಕಾರ.

ಮೊದಲು ನಿಮಗೊಂದು ಪ್ರಶ್ನೆ. ನಿಮ್ಮ ಶಾಲೆಯ ಮೆಟ್ಟಿಲ ಕೆಳಗೆ ಹೊಗೆ ಕಾಣಿಸಿತು ಅಂತ ಇಟ್ಟುಕೊಳ್ಳಿ. ಅದನ್ನು ಮೊದಲು ನೋಡಿದವರು ಕಸ ಗುಡಿಸುವ ಅಮ್ಮ, ಅಥವಾ ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ ಟೀಚರ್. ಅವರು ಯಾರನ್ನೂ ಕೇಳದೆ ಗಂಟೆ ಹೊಡೆಯಬಹುದಾ? ಹೊಡೆದ ಮೇಲೆ ಅದು ಬರೀ ಕಸ ಸುಟ್ಟ ಹೊಗೆ ಅಂತ ಗೊತ್ತಾದರೆ, ಅವರನ್ನು ಯಾರೂ ಬೈಯುವುದಿಲ್ಲವಾ?

ಇದಕ್ಕೆ ತಕ್ಷಣ "ಹೌದು" ಅನ್ನಲು ಆಗದಿದ್ದರೆ, ಅಪಾಯ ಬಂದಾಗ ಮಕ್ಕಳನ್ನು ಹೊರಗೆ ಕರೆದೊಯ್ಯುವ ನಿಮ್ಮ ಶಾಲೆಯ ಯೋಜನೆ ಇನ್ನೂ ಮುಗಿದಿಲ್ಲ.

1958ರ ಡಿಸೆಂಬರ್ 1ರಂದು ಅಮೆರಿಕದ ಶಿಕಾಗೋದಲ್ಲಿ 'ಅವರ್ ಲೇಡಿ ಆಫ್ ದಿ ಏಂಜಲ್ಸ್' ಶಾಲೆಗೆ ಬೆಂಕಿ ಬಿತ್ತು. ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಹತ್ತಿದ್ದು. ಮೇಲಿನ ಮಹಡಿಯಲ್ಲಿ ಮೆಟ್ಟಿಲಿಗೆ ಬಾಗಿಲಿರಲಿಲ್ಲ. ಹಾಗಾಗಿ ಹೊಗೆ ನೇರವಾಗಿ ತರಗತಿಗಳ ಮುಂದಿನ ಕಾರಿಡಾರಿಗೆ ನುಗ್ಗಿತು. ಇಬ್ಬರು ಶಿಕ್ಷಕಿಯರಿಗೆ ಮೊದಲೇ ವಾಸನೆ ಬಂದಿತ್ತು. ಆದರೆ ಮುಖ್ಯಸ್ಥೆಯ ಅಪ್ಪಣೆ ಇಲ್ಲದೆ ಯಾರೂ ಮಕ್ಕಳನ್ನು ಹೊರಗೆ ಕಳಿಸುವ ಹಾಗಿರಲಿಲ್ಲ. ಒಬ್ಬ ಶಿಕ್ಷಕಿ ಆಫೀಸಿಗೆ ಓಡಿದರು. ಕುರ್ಚಿ ಖಾಲಿ. ಮುಖ್ಯಸ್ಥೆ ರಜೆ ಹಾಕಿದ್ದ ಇನ್ನೊಬ್ಬರ ಬದಲು ಪಾಠ ಮಾಡುತ್ತಿದ್ದರು. ವಾಪಸ್ ಬಂದು ಇಬ್ಬರೂ ತಾವೇ ತೀರ್ಮಾನ ಮಾಡಿ ತಮ್ಮ ತರಗತಿಗಳನ್ನು ಹೊರಗೆ ಕರೆದೊಯ್ದರು. ಅವರ ಮಕ್ಕಳು ಉಳಿದರು. ಆ ಬೆಂಕಿಯಿಂದ ಒಟ್ಟು 92 ಮಕ್ಕಳು ಮತ್ತು ಅಲ್ಲಿ ಪಾಠ ಮಾಡುತ್ತಿದ್ದ 3 ಕ್ರೈಸ್ತ ಸನ್ಯಾಸಿನಿಯರು ತೀರಿಕೊಂಡರು.

ಆ ಖಾಲಿ ಕುರ್ಚಿಯ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ನಿಯಮ ಮಾಡಿದವರು ಸುಮ್ನೆ ಗಲಿಬಿಲಿ ಆಗಬಾರದು ಅಂತಲೇ ಮಾಡಿರಬೇಕು. ಆದರೆ ತೀರ್ಮಾನ ಒಬ್ಬರ ಕೈಯಲ್ಲೇ ಇದ್ದರೆ, ಅವರು ಸಿಗದ ದಿನ ಯಾರ ಕೈಯಲ್ಲೂ ಇರುವುದಿಲ್ಲ.

ಇನ್ನೊಂದು ಘಟನೆ ಹೇಳುತ್ತೇನೆ. ಇದನ್ನು ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. 2011ರ ಮಾರ್ಚ್ 11, ಜಪಾನ್. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಭೂಮಿ ನಡುಗಿತು. ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯ ಶಿಕ್ಷಕರು ಮಕ್ಕಳನ್ನು ಅಚ್ಚುಕಟ್ಟಾಗಿ ಮೈದಾನಕ್ಕೆ ಕರೆತಂದರು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಎಲ್ಲಿಗೆ ಹೋಗಬೇಕು? ಸುನಾಮಿ ಬಂದರೆ ಹತ್ತಿರದ ಖಾಲಿ ಜಾಗ ಅಥವಾ ಪಾರ್ಕಿಗೆ ಹೋಗಿ ಅಂತ ಅವರ ಕೈಪಿಡಿಯಲ್ಲಿತ್ತು. ಯಾವ ಜಾಗ, ಯಾವ ಪಾರ್ಕು ಅಂತ ಇರಲಿಲ್ಲ. ಮುಖ್ಯ ಶಿಕ್ಷಕರು ಅವತ್ತು ಶಾಲೆಯಲ್ಲಿರಲಿಲ್ಲ. ಶಾಲೆಯ ಹಿಂದೆಯೇ ಗುಡ್ಡ. "ಗುಡ್ಡ ಹತ್ತೋಣ" ಅಂತ ಕೆಲವು ಮಕ್ಕಳೇ ಹೇಳಿದ್ದರು. ದೊಡ್ಡವರ ಚರ್ಚೆ ಮುಗಿಯಲಿಲ್ಲ. ಸುಮಾರು 50 ನಿಮಿಷ ಕಳೆಯಿತು. ಕೊನೆಗೆ ಅವರು ಹೊರಟಿದ್ದು ನದಿಯ ಸೇತುವೆ ಪಕ್ಕದ ಜಾಗಕ್ಕೆ. ದಾರಿಯಲ್ಲೇ ನೀರು ಎದುರಾಯಿತು. 74 ಮಕ್ಕಳು, 10 ಶಿಕ್ಷಕರು ತೀರಿಕೊಂಡರು.

ಮಕ್ಕಳ ತಂದೆತಾಯಿ ಕೋರ್ಟಿಗೆ ಹೋದರು. ಮೇಲಿನ ಕೋರ್ಟು 2018ರಲ್ಲಿ ತಪ್ಪು ಕಂಡದ್ದು ಆ 50 ನಿಮಿಷಕ್ಕಿಂತ ಹಿಂದಿನ ದಿನಗಳಲ್ಲಿ. ಕೈಪಿಡಿ ಬರೆಯುವಾಗಲೇ ಜಾಗವನ್ನೂ ದಾರಿಯನ್ನೂ ಗೊತ್ತುಮಾಡಬೇಕಿತ್ತು ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನೇ ಉಳಿಸಿತು.

ಅದೇ ದಿನ, ಅದೇ ಕರಾವಳಿಯ ಕಾಮೈಶಿಯಲ್ಲಿ ಬೇರೆಯೇ ಆಯಿತು. ಅಲ್ಲಿ ಮಕ್ಕಳಿಗೆ ವರ್ಷಗಳಿಂದ ಅಭ್ಯಾಸ ಮಾಡಿಸಿದ್ದರು. ಮಾಧ್ಯಮಿಕ ಶಾಲೆಯ ದೊಡ್ಡ ಮಕ್ಕಳು ಓಡಿದ್ದನ್ನು ನೋಡಿ ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಮಹಡಿಯಿಂದ ಇಳಿದು ಹೊರಟರು. ದೊಡ್ಡವರು ಚಿಕ್ಕವರ ಕೈ ಹಿಡಿದುಕೊಂಡರು. ಮೊದಲೇ ಗೊತ್ತುಮಾಡಿದ್ದ ಜಾಗ ತಲುಪಿದಾಗ ಅದೂ ಸಾಲದು ಅನಿಸಿತು. ಇನ್ನೂ ಮೇಲಕ್ಕೆ ಹೋದರು. ಮೊದಲು ನಿಂತಿದ್ದ ಜಾಗವನ್ನು ಸ್ವಲ್ಪ ಹೊತ್ತಿನಲ್ಲೇ ನೀರು ನುಂಗಿತು.

ಅದಕ್ಕೇ ನಾನು ಪ್ರತಿ ಶಾಲೆಗೂ ಎರಡನೇ ಜಾಗ ಇರಲಿ ಅನ್ನುತ್ತೇನೆ. ಮೊದಲ ಜಾಗ ಕಟ್ಟಡದಿಂದ ದೂರ, ಫೈರ್ ಎಂಜಿನ್ ಬರುವ ದಾರಿಗೆ ಅಡ್ಡವಾಗದ ಕಡೆ. ಅಲ್ಲಿಗೆ ಹೋಗಲಾಗದಿದ್ದರೆ ಎರಡನೆಯದು. ಎರಡಕ್ಕೂ ಮಕ್ಕಳು ತಮ್ಮ ಕಾಲಲ್ಲಿ ನಡೆದು ಹೋಗಿರಬೇಕು. ಗೋಡೆಯ ಮೇಲಿನ ನಕ್ಷೆ ನೋಡಿದ್ದರೆ ಸಾಲದು.

ಅಣಕು ಡ್ರಿಲ್ ಮಾಡುತ್ತೇವೆ ಅಂತ ನೀವು ಹೇಳಬಹುದು. ಸಂತೋಷ. ಆದರೆ ಎಲ್ಲರಿಗೂ ಮೊದಲೇ ತಿಳಿಸಿ, ಬೆಳಗ್ಗೆ ಎಲ್ಲರೂ ತರಗತಿಯಲ್ಲಿ ಕೂತಿರುವಾಗಲೇ ಮಾಡುತ್ತೀರಿ ಅಲ್ವಾ? ಒಂದು ಸಲ ಊಟದ ಬಿಡುವಿನಲ್ಲಿ ಮಾಡಿ. ಒಂದು ಸಲ ಹೆಚ್ಚು ಓಡಾಡುವ ಮೆಟ್ಟಿಲ ಮುಂದೆ ಕುರ್ಚಿ ಅಡ್ಡ ಇಟ್ಟು "ಇಲ್ಲಿ ಬೆಂಕಿ" ಅಂತ ಬರೆದಿಡಿ. ಇನ್ನೊಂದು ಸಲ ಮುಖ್ಯ ಶಿಕ್ಷಕರು ಮೂಲೆಯಲ್ಲಿ ಸುಮ್ಮನೆ ನಿಂತು ನೋಡಲಿ. ಎಲ್ಲಿ ಮುಗ್ಗರಿಸುತ್ತೇವೆ ಅಂತ ಆಗ ಕಾಣುತ್ತದೆ. ಡ್ರಿಲ್‌ನಲ್ಲಿ ಮುಗ್ಗರಿಸುವುದು ಒಳ್ಳೆಯದೇ.

ಬೆಂಕಿಗೆ ಏನು ಮಾಡಬೇಕು, ಭೂಕಂಪಕ್ಕೆ ಏನು ಮಾಡಬೇಕು ಅನ್ನುವುದನ್ನು ಬೇರೆ ಬೇರೆಯಾಗಿಯೇ ಕಲಿಸಿ. ಬೆಂಕಿಯಾದರೆ ತಕ್ಷಣ ಹೊರಗೆ, ಹೊಗೆ ಇದ್ದರೆ ಬಗ್ಗಿ ಅಥವಾ ತೆವಳಿಕೊಂಡು, ಬ್ಯಾಗು ಅಲ್ಲೇ ಬಿಟ್ಟು. ಕೊನೆಗೆ ಹೊರಡುವ ಟೀಚರ್ ಬಾಗಿಲು ಎಳೆದುಕೊಳ್ಳಲಿ, ಬೀಗ ಹಾಕುವುದು ಬೇಡ. ಮುಚ್ಚಿದ ಬಾಗಿಲು ಹೊಗೆಯನ್ನು ತಡೆದು ಸ್ವಲ್ಪ ಸಮಯ ಕೊಡುತ್ತದೆ. ಭೂಕಂಪವಾದರೆ ಮೊದಲು ಬೆಂಚಿನ ಕೆಳಗೆ, ನಡುಕ ನಿಂತ ಮೇಲೆ ಹೊರಗೆ. ಎರಡನ್ನೂ ಒಟ್ಟಿಗೆ ಕಲಿಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆ.

ಬಾಗಿಲ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1883ರಲ್ಲಿ ಇಂಗ್ಲೆಂಡಿನ ಸಂಡರ್ಲ್ಯಾಂಡ್‌ನಲ್ಲಿ ಒಂದು ಪ್ರದರ್ಶನ ಮುಗಿದಾಗ, ಒಳಗೆ ತೆರೆಯುವ, ಚಿಲಕ ಹಾಕಿದ್ದ ಬಾಗಿಲ ಹಿಂದೆ ಸಿಕ್ಕಿಕೊಂಡು 183 ಮಕ್ಕಳು ಉಸಿರುಗಟ್ಟಿ ಸತ್ತರು. ಬೆಂಕಿಯೇ ಇರಲಿಲ್ಲ. ನಾಳೆ ಹೋಗಿ ನಿಮ್ಮ ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿ.

ಗಾಲಿಕುರ್ಚಿಯ ಮಗುವನ್ನು ಮಹಡಿಯಿಂದ ಯಾರು ಇಳಿಸುತ್ತಾರೆ? ಕಿವಿ ಕೇಳದ ಮಗುವಿನ ಭುಜ ಯಾರು ತಟ್ಟುತ್ತಾರೆ? ಶೌಚಾಲಯದೊಳಗೆ ಯಾರು ಇಣುಕುತ್ತಾರೆ? "ಯಾರಾದರೂ" ಅಂತ ಬರೆಯಬೇಡಿ. ಹೆಸರು ಬರೆಯಿರಿ. ಅವರು ರಜೆಯಲ್ಲಿದ್ದರೆ ಯಾರು ಅನ್ನುವುದನ್ನೂ ಬರೆಯಿರಿ. ಆ ಮಕ್ಕಳನ್ನೂ ಕೂರಿಸಿಕೊಂಡು ಕೇಳಿ. ತಮ್ಮನ್ನು ಹೇಗೆ ಎತ್ತಬೇಕು ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಹಾಜರಿ ಪುಸ್ತಕ ಟೀಚರ್ ಜೊತೆಗೇ ಹೊರಗೆ ಬರಬೇಕು. ತಲೆ ಎಣಿಸಿದರಷ್ಟೇ ಸಾಲದು, ಹೆಸರು ಕೂಗಬೇಕು. ಒಂದು ಮಗು ಕಡಿಮೆ ಅಂತ ಗೊತ್ತಾದರೆ, ಯಾವ ಮಗು ಅಂತ ಅಗ್ನಿಶಾಮಕ ದಳದವರು ಕೇಳುತ್ತಾರೆ. ಎಲ್ಲಿ ಹುಡುಕಬೇಕು ಅನ್ನುವುದು ಆ ಹೆಸರಿನಿಂದಲೇ ತಿಳಿಯುವುದು.

ಆಮೇಲೆ ಪಾಲಕರು ಬರುತ್ತಾರೆ. ಎಲ್ಲರೂ ಒಟ್ಟಿಗೆ, ಗಾಬರಿಯಲ್ಲಿ. ಗೇಟಿನಲ್ಲಿ ಯಾರು ನಿಲ್ಲುತ್ತಾರೆ, ಮಗುವನ್ನು ಯಾರ ಕೈಗೆ ಕೊಡಬಹುದು ಅನ್ನುವ ಪಟ್ಟಿ ಎಲ್ಲಿದೆ, ಇದನ್ನು ಇವತ್ತೇ ಅವರಿಗೂ ತಿಳಿಸಿಡಿ. ಕೊನೆಯ ಮಗು ಮನೆಯವರ ಕೈ ಸೇರಿ, ಆ ಹೆಸರಿನ ಮುಂದೆ ಸಹಿ ಬೀಳುವವರೆಗೆ ಯಾವ ಟೀಚರೂ ಮೈದಾನ ಬಿಟ್ಟು ಹೋಗುವ ಹಾಗಿಲ್ಲ.